ಕುಂದಲತಾ ಅವರ ಹಾಡಿಗೆ ಕುಣಿದ ಮಲಕಮ್ಮ

ಸೊಲ್ಲಾಪುರದ ನಮ್ಮ ಓಣಿಯಲ್ಲಿ ಮಲಕಮ್ಮನವರು ನಲವತ್ತು ವರ್ಷಗಳಿಂದ ಇದ್ದಾರೆ. ಅವರ ಮಗಳು ನಮ್ಮ ಕನ್ನಡ ಶಾಲೆಯಲ್ಲಿ ನನ್ನ ಕೈಯಲ್ಲೇ ಏಳನೆಯ ಇಯತ್ತೆಯವರೆಗೆ ಓದಿದಳು. ಮೊಮ್ಮಗಳು ಸಾಯಲಿ ಮರಾಠಿ ಶಾಲೆಗೆ ಹೋದವಳು. ಈಗ ನವಿ ಪೇಠದ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುವ ಕೆಲಸ ಮಾಡುತ್ತಾಳೆ. ಮಲಕಮ್ಮನವರು ಮೂವತ್ತು ವರ್ಷ ಬೀಡಿ ಸುತ್ತಿದರು. ಮಡಿಲಲ್ಲಿ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ತಂಬಾಕು ತುಂಬಿ ಸುತ್ತುವಾಗ ಅವರ ಬಲಗಾಲು ತಾನೇ ತಾನಾಗಿ ನೆಲ ತಟ್ಟುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಜೋಮು ಹಿಡಿದಿರಬೇಕು ಎಂದುಕೊಂಡಿದ್ದೆ. ಆ ಕಾಲನ್ನು ಒಂದು ಕಾಲದಲ್ಲಿ ಇಡೀ ಮಹಾರಾಷ್ಟ್ರ ಬೆಳ್ಳಿತೆರೆಯ ಮೇಲೆ ನೋಡಿ ಸಿಳ್ಳು ಹಾಕಿತ್ತೆಂಬುದು ನನಗೆ ತಿಳಿದದ್ದು ಈ ವರ್ಷ. ನಾನು ತಿಳಿದುಕೊಂಡ ಕ್ರಮ ಬೇರೆ. ಇಲ್ಲಿ ನಡೆದ ಕ್ರಮದಲ್ಲಿಯೇ ಹೇಳುತ್ತೇನೆ.

ಮಲಕಮ್ಮನವರ ತವರೂರು ಅಕ್ಕಲಕೋಟ. ತಂದೆ ಕಾಮಣ್ಣನವರು ಹಲಗಿ ಬಾರಿಸುವುದರಲ್ಲಿ ಹೆಸರಾದವರು. ಹಲಗಿಯನ್ನು ಬೆಂಕಿಗೆ ಹಿಡಿದು ಕಾಯಿಸುವಾಗಲೇ ಮಗಳ ಕಾಲು ಎದ್ದು ನಿಲ್ಲುತ್ತಿತ್ತಂತೆ. ಅದೇ ಊರಿನ ಕೋರ್ಟಿನ ಗುಮಾಸ್ತರ ಮಗಳು ಕಲ್ಯಾಣಮ್ಮ. ಇಬ್ಬರೂ ನಾಲ್ಕನೆಯ ಇಯತ್ತೆಯವರೆಗೆ ಒಂದೇ ಶಾಲೆ. ಕಲ್ಯಾಣಮ್ಮನ ಕಂಠ ಎಂಥದೆಂದರೆ, ಶಾಲೆಯ ಪ್ರಾರ್ಥನೆಯ ಹೊತ್ತಿಗೆ ರಸ್ತೆಯಲ್ಲಿ ಹೋಗುವವರು ಸೈಕಲ್ಲಿನಿಂದ ಕೆಳಗಿಳಿದು ನಿಲ್ಲುತ್ತಿದ್ದರು. ಗುಮಾಸ್ತರ ಮನೆಯ ಹಿತ್ತಲಲ್ಲಿ ಆಕೆ ಹಾಡುವುದು, ಈಕೆ ಕುಣಿಯುವುದು. ಮನೆಯೊಳಗೆ ಮಾತ್ರ ಮಲಕಿಗೆ ಪ್ರವೇಶವಿರಲಿಲ್ಲ. ಅದನ್ನು ಇಬ್ಬರೂ ಆಗ ದೊಡ್ಡ ಮಾತೆಂದು ಎಣಿಸಿರಲಿಲ್ಲ.

ಮಲಕಮ್ಮನವರನ್ನು ಬೋರಾಮಣಿಗೆ ಮದುವೆ ಮಾಡಿಕೊಟ್ಟರು. ಕಲ್ಯಾಣಮ್ಮ ಸಂಗೀತದ ಗುರುಗಳೊಬ್ಬರ ಜತೆ ಕೊಲ್ಲಾಪುರಕ್ಕೆ ಹೋಗಿ, ನಾಟಕ ಕಂಪನಿಯಲ್ಲಿ ಎರಡು ವರ್ಷ ಹಾಡಿ, ಸಿನಿಮಾಕ್ಕೆ ಸೇರಿ ಕುಮಾರಿ ಕುಂದಲತಾ ಎಂಬ ಹೆಸರು ಪಡೆದರು. ಆಗಿನ ಮರಾಠಿ ಸಂಗೀತ ಚಿತ್ರಗಳಲ್ಲಿ ನಾಯಕಿಗೆ ಬೇರೆಯವರು ಹಾಡುವುದು ರೂಢಿಯಾಗಿತ್ತು. ತನ್ನ ಹಾಡನ್ನು ತಾನೇ ಹಾಡಿ ಕುಣಿಯುವ ನಾಯಕಿ ಬಂದಿದ್ದಾಳೆ ಎಂದು ಚಿತ್ರ ತೆಗೆಯುವ ಮೊದಲೇ ಜಾಹೀರಾತು ಕೊಟ್ಟುಬಿಟ್ಟಿದ್ದರು. ಆ ಮೊದಲ ಚಿತ್ರದ ಹೊರಾಂಗಣ ದೃಶ್ಯಗಳನ್ನು ತೆಗೆಯಲು ಕಂಪನಿ ಬಂದದ್ದು ಬೋರಾಮಣಿಯ ಹುಲ್ಲುಮಾಳಕ್ಕೆ. ೧೯೭೦ನೆಯ ಇಸವಿ.

ಗೆಳತಿ ಬಂದಿದ್ದಾಳೆಂದು ಮಲಕಮ್ಮನವರು ನೋಡಲು ಹೋದರು. ಅಲ್ಲಿ ಎಲ್ಲರ ಮುಖವೂ ಬಾಡಿತ್ತು. ಕುಂದಲತಾ ಅವರಿಗೆ ತಾಳ ಗಂಟಲಲ್ಲಿತ್ತು, ಕಾಲಿಗೆ ಇಳಿದಿರಲಿಲ್ಲ. ಮಾಳದಲ್ಲಿ ಹಾಕಿದ ಹಲಗೆಯ ಮೇಲೆ ಮೂರು ದಿನ ಕುಣಿಸಿದರೂ ಒಂದು ಸುತ್ತು ಸರಿಯಾಗಿ ಬಂದಿರಲಿಲ್ಲ. ನಾಲ್ಕನೆಯ ದಿನ, ಹಾಡಿಗೆ ಮಲಕಮ್ಮನವರ ಕಾಲು ತಾಳ ತಟ್ಟುವುದನ್ನು ಕಂಡ ಮೇಕಪ್ ಮಾಡುವ ಧರೆಪ್ಪ ಎಂಬವರು ದಿಗ್ದರ್ಶಕರ ಕಿವಿಯಲ್ಲಿ ಏನೋ ಹೇಳಿದರು. ಮಲಕಮ್ಮನವರ ಕಾಲಿಗೆ ಗೆಜ್ಜೆ ಕಟ್ಟಿದರು. ಕುಂದಲತಾ ಅವರ ಸೀರೆಯಂಥದೇ ಒಂಬತ್ತು ಗಜದ ಸೀರೆ ಉಡಿಸಿದರು. ಕ್ಯಾಮರಾವನ್ನು ನೆಲಕ್ಕೆ ಇಳಿಸಿ, ಮೊಣಕಾಲಿನಿಂದ ಕೆಳಗೆ ಮಾತ್ರ ಹಿಡಿದರು. ಮುಖ, ಕಣ್ಣು, ಕೈ, ಹಾಡು ಕುಂದಲತಾ ಅವರದು, ಹೆಜ್ಜೆ ಮಲಕಮ್ಮನವರದು. ಮಧ್ಯಾಹ್ನದ ಊಟದೊಳಗೆ ಹಾಡು ಮುಗಿಯಿತು.

ಊಟವಾದ ಮೇಲೆ ಕುಂದಲತಾ ಅವರು ಗೆಳತಿಯನ್ನು ಊರ ಶಾಲೆಯ ಕೋಣೆಗೆ ಕರೆದರು. ಅದೇ ಅವರ ಮೇಕಪ್ ಕೋಣೆ. ಧರೆಪ್ಪನವರು ತಟ್ಟೆಯಲ್ಲಿ ಬಿಲ್ವಪತ್ರೆ, ಖಂಡೋಬಾನ ಭಂಡಾರ, ಎಂದರೆ ಅರಿಸಿನಪುಡಿ, ಇಟ್ಟುಕೊಂಡು ನಿಂತಿದ್ದರು. ನಮ್ಮ ಕಡೆ ಬೇಲ-ಭಂಡಾರ ಮುಟ್ಟಿ ಆಡಿದ ಮಾತನ್ನು ಯಾರೂ ಮೀರುವುದಿಲ್ಲ. ಹೊಲದ ಗಡಿಯ ಜಗಳ, ಅಣ್ಣತಮ್ಮಂದಿರ ಜಗಳ ಇದರ ಮುಂದೆಯೇ ನಿಲ್ಲುತ್ತಿದ್ದವು.

“ಮಲಕಿ, ಕಾಲು ನಿಂದು ಅಂತ ಯಾರಿಗೂ ಹೇಳಬ್ಯಾಡ. ಈಗ ತಿಳೀತಂದ್ರ ನಾ ಮುಗದೆ” ಎಂದರು ಕುಂದಲತಾ.

“ಹೇಳಂಗಿಲ್ಲ ತಗಿ.”

“ಹಂಗಲ್ಲ. ಆಣಿ ಮಾಡು. ನಾನೂ ಮಾಡತೀನಿ. ನನ್ನ ಹೆಸರು ನಿಂತ ಮ್ಯಾಲೆ, ನಮ್ಮ ಅಕ್ಕಲಕೋಟದಾಗ ಮಂದಿ ಕೂಡಿಸಿ, ಕಾಲು ಮಲಕಿದು ಅಂತ ನಾನ ಹೇಳತೀನಿ.”

ಮಲಕಮ್ಮನವರು ಎರಡೂ ಕೈಯಲ್ಲಿ ಪತ್ರೆ-ಭಂಡಾರ ಹಿಡಿದು, “ಕಲ್ಯಾಣಿ ತಾನಾಗಿ ಹೇಳೂತನಕ ನಾ ಬಾಯಿ ಬಿಡಂಗಿಲ್ಲ” ಎಂದರು. ಧರೆಪ್ಪನವರು ತಟ್ಟೆಯನ್ನು ಆ ಕಡೆಗೆ ತಿರುಗಿಸಿದಾಗ ಕುಂದಲತಾ ಅವರು ಎರಡು ಹೆಜ್ಜೆ ಹಿಂದೆ ಸರಿದು, “ನಾ ಇವತ್ತ ಹೊರಗಾಗೀನಿ. ಭಂಡಾರ ಹೆಂಗ ಮುಟ್ಟಲಿ?” ಎಂದರು.

ಹೊರಗಾದ ಹೆಂಗಸು ಭಂಡಾರ ಮುಟ್ಟಬಾರದು. ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ. “ಐದನೇ ದಿನ ನೀರ ಹಾಕ್ಕೊಂಡ ಮ್ಯಾಲೆ ಮುಟ್ರಿ ಬಾಯಾರ, ಈಗ ಬಾಯಿಮಾತು ಸಾಕು” ಎಂದರು ಧರೆಪ್ಪ. ಮಲಕಮ್ಮನವರೂ ಹೌದೆಂದರು. ಐದನೆಯ ದಿನಕ್ಕೆ ಕಂಪನಿ ಕೊಲ್ಲಾಪುರಕ್ಕೆ ಹೊರಟಿತ್ತು. ತಟ್ಟೆಯ ಮಾತನ್ನು ಯಾರೂ ಎತ್ತಲಿಲ್ಲ. ಹೆಣ್ಣು ಹೆಣ್ಣಿಗೆ ಅದನ್ನು ನೆನಪಿಸಿ ಕೇಳುವುದು ಮಲಕಮ್ಮನವರಿಗೆ ನಾಚಿಕೆಯ ಮಾತಾಗಿ ಕಂಡಿತು.

ಅದೂ ಸೇರಿ ಹನ್ನೊಂದು ವರ್ಷಗಳಲ್ಲಿ ಹನ್ನೊಂದು ಚಿತ್ರಗಳು. ಪ್ರತಿ ಚಿತ್ರಕ್ಕೂ ಮಲಕಮ್ಮನವರು ಕೊಲ್ಲಾಪುರಕ್ಕೆ ಹೋಗಿ ಹದಿನೈದು ದಿನ, ಇಪ್ಪತ್ತು ದಿನ ಇದ್ದು ಬರುತ್ತಿದ್ದರು. ಊರಲ್ಲಿ ಕೇಳಿದವರಿಗೆ “ಬಾಯಾರ ತಲಿ ಬಾಚಾಕ ಹೋಗತೀನಿ” ಎನ್ನುತ್ತಿದ್ದರು. ಗಂಡನಿಗೂ ಅದನ್ನೇ ಹೇಳಿದ್ದರು. ಸ್ಟುಡಿಯೋದಲ್ಲಿ ಎಲ್ಲರ ಮುಂದೆ ಗೆಳತಿಯನ್ನು ಬಾಯಿಸಾಹೇಬ್ರ ಎನ್ನಬೇಕು. ಬಾಗಿಲು ಹಾಕಿದ ಮೇಲೆ ಕಲ್ಯಾಣಿ. ನಾಯಕಿ ಮದುವೆಯಾಗದ ಹುಡುಗಿಯಾದರೆ ಮಲಕಮ್ಮನವರು ಕಾಲುಂಗುರ ತೆಗೆಯಬೇಕಾಗುತ್ತಿತ್ತು. ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವರು. ಒಮ್ಮೆ ಅವಸರದಲ್ಲಿ ತೆಗೆಯುವುದು ಮರೆತುಹೋಯಿತು. ಯಾರೂ ಗಮನಿಸಲಿಲ್ಲ. ಲಗ್ನವಾಗದ ನಾಯಕಿಯ ಬೆರಳಲ್ಲಿ ಕಾಲುಂಗುರಗಳು ಹಾಗೆಯೇ ತೆರೆಯ ಮೇಲೆ ಬಂದುಬಿಟ್ಟವು.

ಮುಂಬಯಿಯ ವ್ಯಾಪಾರಿಯೊಬ್ಬರನ್ನು ಮದುವೆಯಾಗಿ ಕುಂದಲತಾ ಅವರು ಚಿತ್ರರಂಗ ಬಿಟ್ಟರು. ಮಲಕಮ್ಮನವರು ಗಂಡನ ಜತೆ ಸೊಲ್ಲಾಪುರಕ್ಕೆ ಬಂದರು. ಗಂಡ ಬಟ್ಟೆಯ ಗಿರಣಿಗೆ, ಇವರು ಬೀಡಿಗೆ. ಇಲ್ಲಿ ಬಂದ ಮೇಲೆ ಮನೆತನವೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡಿತು. ದೇವರ ಜಗಲಿ ಹೋಗಿ ಬುದ್ಧನ, ಬಾಬಾಸಾಹೇಬರ ಚಿತ್ರಗಳು ಬಂದವು. ಭಂಡಾರದ ಡಬ್ಬಿಯನ್ನು ಮಲಕಮ್ಮನವರೇ ತಮ್ಮ ಕೈಯಿಂದ ಹೊರಗೆ ಇಟ್ಟರು. ಆದರೆ ಭಂಡಾರ ಹಿಡಿದು ಆಡಿದ ಮಾತನ್ನು ಹೊರಗೆ ಇಡಲಿಲ್ಲ. ಗಿರಣಿ ಮುಚ್ಚಿತು, ಗಂಡ ತೀರಿಹೋದರು. ಆತನಿಗೂ ತಿಳಿಯದೆಯೇ ಹೋಯಿತು.

ಐವತ್ತೈದು ವರ್ಷ ಹೀಗೆ ಕಳೆಯಿತು. ಈ ವರ್ಷದ ಆರಂಭದಲ್ಲಿ ಒಂದು ಸಂಜೆ ಸಾಯಲಿ ಮೊಬೈಲು ನೋಡುತ್ತ ಅಜ್ಜಿಗೆ, “ಆಯಿ, ಅಕ್ಕಲಕೋಟದಾಗ ಕುಂದಲತಾ ಅನ್ನೋ ಹಳೇ ಹೀರೋಯಿನ್ನಿಂದು ಸತ್ಕಾರ ಐತಂತ. ನೀ ಒಂದ ಕಾಲಕ್ಕ ಅವರ ತಲಿ ಬಾಚತಿದ್ದೆಲ್ಲ?” ಎಂದಳು.

ಮಲಕಮ್ಮನವರು ಮರುದಿನ ಬೆಳಗ್ಗೆ ನಮ್ಮ ಮನೆಗೆ ಬಂದರು. “ಗುರುಗಳ, ಐತವಾರ ನೀವೂ ಬರ್ರಿ. ಅಕ್ಕಲಕೋಟದಾಗ ಒಂದ ಮಾತು ಕೇಳೂದೈತಿ” ಎಂದರು. ಏನು ಮಾತು ಎಂದು ಕೇಳಿದರೆ ನಕ್ಕರು. ಅಷ್ಟು ಎಳೆಯದಾದ ನಗುವನ್ನು ನಾನು ಅವರ ಮುಖದ ಮೇಲೆ ಹಿಂದೆಂದೂ ಕಂಡಿರಲಿಲ್ಲ.

ಸಭಾಗೃಹ ತುಂಬಿತ್ತು. ನಾವು ಬೇಗ ಹೋಗಿದ್ದರಿಂದ ಎರಡನೆಯ ಸಾಲು ಸಿಕ್ಕಿತು. ಮಲಕಮ್ಮನವರು ಹಸಿರು ಇಳಕಲ್ ಸೀರೆ ಉಟ್ಟಿದ್ದರು. ವೇದಿಕೆಯ ಹತ್ತಿರ ಕುರ್ಚಿ ಸರಿಸುತ್ತಿದ್ದ ಆಶಿಷ ಎಂಬ ಕಾರ್ಯಕರ್ತನನ್ನು ಅವರು ಕರೆದು, “ತಮ್ಮಾ, ಮ್ಯಾಲೆ ಹತ್ತೂ ಪಾವಟಿಗಿ ಯಾ ಕಡಿ ಅದಾವ?” ಎಂದು ಕೇಳಿದರು.

“ಯಾಕ ಆಜಿ, ನೀವೂ ಭಾಷಣ ಮಾಡವರದೀರೇನು?”

“ಕರದರ ಹತ್ತಬೇಕಲ್ಲಪ್ಪ. ಮಣಕಾಲು ಕೇಳಂಗಿಲ್ಲ, ಮೊದಲ ನೋಡಿಟ್ಟಿರತೀನಿ.”

ಕುಂದಲತಾ ಅವರು ಎಪ್ಪತ್ತೆಂಟರಲ್ಲೂ ಚೆಲುವಾಗಿಯೇ ಇದ್ದರು. ಮಾತೆಲ್ಲ ಮರಾಠಿಯಲ್ಲಿ, ನಡುನಡುವೆ ತವರಿನ ಕನ್ನಡದಲ್ಲಿ ಒಂದೆರಡು ಮಾತಾಡಿ ಜನರನ್ನು ನಗಿಸಿದರು. ಒಂದು ಹಳೆಯ ಹಾಡಿನ ಎರಡು ಸಾಲನ್ನು ಮೈಕಿನ ಮುಂದೆ ಹಾಡಿದರು. ದನಿ ನಡುಗುತ್ತಿತ್ತು, ಶ್ರುತಿ ಮಾತ್ರ ಅಲುಗಲಿಲ್ಲ. ಮಲಕಮ್ಮನವರ ಕಾಲು ನನ್ನ ಪಕ್ಕದಲ್ಲಿ ನೆಲ ತಟ್ಟಿತು.

ಕೊನೆಯಲ್ಲಿ ಪ್ರಶ್ನೆ ಕೇಳಲು ಅವಕಾಶ ಕೊಟ್ಟರು. ಮಲ್ಲಿಕಾರ್ಜುನ ಎಂಬ ನಿವೃತ್ತ ಕಾರಕೂನರೊಬ್ಬರು ಎದ್ದು, “ಈಗ ಹಾಡಿದ್ರಲ್ಲ, ಆ ಪಿಚ್ಚರ್ ಹದಿನಾಲ್ಕ ಸಲ ನೋಡೀನ್ರಿ. ಅದರಾಗ ನಿಮ್ಮದು ಲಗ್ನ ಆಗಿರಂಗಿಲ್ಲ. ಕುಣಿಯೂಮುಂದ ಕಾಲಾಗ ಕಾಲುಂಗುರ ಕಾಣಸ್ತಾವ. ಅವು ಎಲ್ಲಿಂದ ಬಂದ್ವು?” ಎಂದರು. ಸಭೆ ಗೊಳ್ಳೆಂದು ನಕ್ಕಿತು.

ಮಲಕಮ್ಮನವರು ಮುಂದಕ್ಕೆ ಬಾಗಿ ಕುಳಿತರು. ಸೆರಗನ್ನು ಸರಿಪಡಿಸಿಕೊಂಡರು. ಅದೇಕೆಂದು ನನಗೆ ಆಗ ತಿಳಿಯಲಿಲ್ಲ.

ಕುಂದಲತಾ ಅವರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮುಗುಳ್ನಕ್ಕು, “ಆ ಹುಡುಗಿ ಮನಸ್ಸಿನಲ್ಲಿ ಆಗಲೇ ಅವನನ್ನು ಲಗ್ನವಾಗಿದ್ದಳು. ಕಾಲಿಗೆ ಅದು ಮೊದಲು ತಿಳಿಯಿತು” ಎಂದರು. ಚಪ್ಪಾಳೆಗೆ ಛಾವಣಿ ಹಾರಿಹೋಗುವಂತಾಯಿತು. ಶಾಲು, ಶ್ರೀಫಲ, ಫೋಟೊ ಆದವು. ಕಾರ್ಯಕ್ರಮ ಮುಗಿಯಿತು.

ಬಸ್ಸಿಗೆ ಕಾಯುವಾಗ ಮಲಕಮ್ಮನವರು ತಮ್ಮಷ್ಟಕ್ಕೆ, “ಮಂದಿ ಭಾಳ ಇದ್ರು. ಅಂಜಿರಬೇಕು” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಪುಸ್ತಕದಾಗ ಬರದಿರಬೇಕು. ಸಾಯಲಿ, ಆ ಪುಸ್ತಕ ತಗೊಂಡ್ಯೇನು?” ಎಂದರು. ಕುಂದಲತಾ ಅವರ ಆತ್ಮಕಥೆಯನ್ನು ಬಾಗಿಲಲ್ಲಿ ಮಾರುತ್ತಿದ್ದರು. ಸಾಯಲಿ ಒಂದು ಪ್ರತಿ ಕೊಂಡಿದ್ದಳು.

ಅಂಗಡಿಯ ರಜೆಯ ದಿನ ಸಾಯಲಿ ಓದಲು ಕುಳಿತಳು. ಮರಾಠಿಯಲ್ಲಿ ಓದಿ, ಅಜ್ಜಿಗೆ ಕಠಿಣವೆನಿಸಿದ ಕಡೆ ಕನ್ನಡದಲ್ಲಿ ಹೇಳುತ್ತಿದ್ದಳು. ಪುಸ್ತಕದ ಕುತೂಹಲಕ್ಕೆ ನಾನೂ ಹೋಗಿ ಕುಳಿತೆ. ಪುಟ ತಿರುವಿದಾಗಲೆಲ್ಲ ಮಲಕಮ್ಮನವರು, “ನನ್ನ ಹೆಸರು ಬಂತೇನು?” ಎನ್ನುವರು. “ಇನ್ನಾ ಇಲ್ಲ ಆಯಿ. ತಲಿ ಬಾಚೂ ಮಂದಿದೆಲ್ಲ ಯಾರು ಬರೀತಾರ?” ಎಂದು ಅವಳು ಚೇಷ್ಟೆ ಮಾಡುವಳು.

ಬೋರಾಮಣಿಯ ಪ್ರಕರಣ ಬಂತು. ಮೂರು ದಿನ ಹೆಜ್ಜೆ ಕೂಡಿ ಬರಲಿಲ್ಲ. ನಾಲ್ಕನೆಯ ದಿನ ದೇವರ ದಯೆಯಿಂದ ಕೂಡಿ ಬಂತು ಎಂದು ಬರೆದಿತ್ತು. ಮುಂದಿನ ಸಾಲು ಹೀಗಿತ್ತು: “ಚಿತ್ರೀಕರಣದ ಆ ಎಂಟು ದಿನವೂ ನಾನು ಸೊಲ್ಲಾಪುರದಲ್ಲಿ ಇಳಿದುಕೊಂಡಿದ್ದೆ. ದಿನಾಲು ಬೆಳಗ್ಗೆ ಸ್ನಾನ ಮಾಡಿ ಬಾಳೆ ಗ್ರಾಮದ ಖಂಡೋಬಾನ ಗುಡಿಗೆ ಹೋಗಿ, ನನ್ನ ಕೈಯಿಂದ ಭಂಡಾರ ಹಾರಿಸಿಯೇ ಮೋಟಾರು ಹತ್ತುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ.”

“ಇನ್ನೊಮ್ಮೆ ಓದು.”

ಸಾಯಲಿ ಓದಿದಳು.

“ಎಷ್ಟ ದಿನ ಅಂತ?”

“ಎಂಟು. ಒಂದ ದಿನಾನೂ ಚುಕಾಯಿಸಿಲ್ಲಂತ.”

“ತನ್ನ ಕೈಲೇ?”

“ಹೌದು ಆಯಿ, ತನ್ನ ಕೈಲೇ. ಯಾಕ?”

ಮಲಕಮ್ಮನವರು ತಮ್ಮ ಎರಡೂ ಅಂಗೈಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ನೋಡುತ್ತ ಕುಳಿತರು. ಚಹ ತಣ್ಣಗಾಯಿತು. ಬಹಳ ಹೊತ್ತಿನ ಮೇಲೆ, “ಆಕಿ ಇನ್ನಾ ಅಕ್ಕಲಕೋಟದಾಗ ಅದಾಳೇನು, ಕೇಳು” ಎಂದರು. ಸಾಯಲಿ ಆಶಿಷನಿಗೆ ಫೋನ್ ಮಾಡಿದಳು. ಕುಂದಲತಾ ಅವರು ಹುಣ್ಣಿಮೆಯವರೆಗೆ ತಮ್ಮನ ಮಗನ ಮನೆಯಲ್ಲಿ ಇರುತ್ತಾರೆಂದು ತಿಳಿಯಿತು. ಮರುದಿನ ಅಜ್ಜಿ ಮೊಮ್ಮಗಳು ಹೋದರು. ಅಲ್ಲಿ ನಡೆದ ಮಾತುಕತೆಯನ್ನು ಸಾಯಲಿ ಹೇಳಿದಂತೆ ಬರೆಯುತ್ತೇನೆ.

ಗುಮಾಸ್ತರ ಅದೇ ಮನೆ; ಈಗ ಮಹಡಿ ಎದ್ದಿದೆ. ತಮ್ಮನ ಸೊಸೆ ಶರ್ವರಿ ಬಾಗಿಲು ತೆಗೆದರು. ಕುಂದಲತಾ ಅವರು ನೋಡಿದ ಕೂಡಲೇ ಗುರುತು ಹಿಡಿದರು.

“ಮಲಕಿ ಅಲ್ಲೇನು? ಬಾ. ಎಷ್ಟ ಸೊರಗೀದಿ. ನೆಲದ ಮ್ಯಾಲ ಯಾಕ, ಸೋಫಾ ಐತಲ್ಲ, ಕುಂಡ್ರು.”

“ಮೊನ್ನಿ ಕಾರ್ಯಕ್ರಮಕ ಬಂದಿದ್ದೆ.”

“ನೋಡಿದ್ನಲ್ಲ. ಎರಡನೇ ಸಾಲು, ಹಸರ ಸೀರಿ.”

“ನೋಡಿದ್ದೇನು?”

“ಕಣ್ಣ ಇನ್ನಾ ಚೊಲೋ ಅದಾವವ್ವ ನನ್ನವು.”

ಮಲಕಮ್ಮನವರು, “ಕಲ್ಯಾಣಿ, ಒಂದ ಕೇಳತೀನಿ. ಬೋರಾಮಣಿ ಸಾಲ್ಯಾಗ, ನಾ ಹೊರಗಾಗೀನಿ ಅಂದಿದ್ದಿ. ಆಗಿದ್ದೇನು?” ಎಂದರು.

“ಏನ ಕೇಳತಾಳ ನೋಡ ಶರ್ವರಿ ಈಕಿ. ಎಂಬತ್ತಕ ಬಂದಾಕಿಗೆ ಕೇಳೂ ಮಾತೇನಿದು?”

“ಎಂಟೂ ದಿನ ಗುಡಿಗಿ ಹೋಗೀನಿ, ಕೈಲೇ ಭಂಡಾರ ಹಾರಿಸೀನಿ ಅಂತ ಬರಸೀದಿ.”

“ಪುಸ್ತಕ ನಾ ಬರದಿಲ್ಲವ್ವ. ಮುಂಬೈದಾಗ ಒಬ್ಬಾಕಿ ಬರದಾಳ.”

“ನೀ ಹೇಳಿದ್ದ ಬರದಾಳಲ್ಲ.”

ಕುಂದಲತಾ ಅವರು ಕನ್ನಡಕ ತೆಗೆದು ಒರೆಸಿದರು. “ಮಲಕಿ, ಬ್ಯಾಸರ ಮಾಡಕೋಬ್ಯಾಡ. ನಾ ಸಣ್ಣಾಕಿದ್ದಾಗಿಂದ ದೇವರಿಗಿ ಭಾಳ ಅಂಜಾಕಿ. ಭಂಡಾರ ಹಿಡದು ಸುಳ್ಳ ಹೇಳಾಕ ಧೈರ್ಯ ಆಗಲಿಲ್ಲ. ಅದಕ್ಕ ಹಂಗ ಅಂದೆ.”

“ಅಂದ್ರ, ಹೇಳಂಗಿಲ್ಲಂತ ಅವತ್ತ ಗೊತ್ತಿತ್ತು.”

“ಗೊತ್ತಿತ್ತು, ಗೊತ್ತಿದ್ದಿಲ್ಲ, ಹಂಗೇನ ಇರತೈತಿ. ವಯಸ್ಸು ಅಂಥಾದು. ನಿನಗೇನ ಕಡಿಮಿ ಮಾಡೀನಿ ಹೇಳು? ಕೊಲ್ಲಾಪುರದಾಗ ನನ್ನ ಖೋಲ್ಯಾಗ, ನನ್ನ ಮಗ್ಗಲಿಗಿ ಮಲಗಿಸಿಕೊಂಡೀನಿ. ಆ ಕಾಲಕ್ಕ ಯಾರ ಮಾಡತಿದ್ರು?”

ಈ ಮಾತಿಗೆ ಸಾಯಲಿ ಎದ್ದೇ ನಿಂತಳಂತೆ. ಅಜ್ಜಿ ಅವಳ ಕೈ ಹಿಡಿದು ಕೂರಿಸಿ, ಅದೇ ಮೆಲುದನಿಯಲ್ಲಿ, “ಕಾಲು ಯಾರವು?” ಎಂದರು.

“ಏನು?”

“ಹನ್ನೊಂದು ಪಿಚ್ಚರದಾಗ. ಕಾಲು ಯಾರವು?”

“ನಿನ್ನವ. ಅಲ್ಲಂತ ನಾ ಅಂದೀನೇನು? ಕಾಲು ಮಲಕಿವು. ಹತ್ತ ಸಲ ಹೇಳ್ಲೇನು? ಹೇಳಿದ್ರ ಈಗ ಏನಾಗೂದೈತಿ? ಆ ಪಿಚ್ಚರ ನೋಡಿದ ಮಂದೀನ ಉಳದಿಲ್ಲ.”

ಚಹದ ತಟ್ಟೆ ಹಿಡಿದು ನಿಂತಿದ್ದ ಶರ್ವರಿ ಮೊದಲು ಗಂಡನ ಸೋದರತ್ತೆಯ ಮುಖ ನೋಡಿದರು, ಆಮೇಲೆ ನೆಲದ ಮೇಲಿದ್ದ ಮಲಕಮ್ಮನವರ ಪಾದಗಳನ್ನು ನೋಡಿದರು. ಮಲಕಮ್ಮನವರು ಮೊಣಕಾಲಿಗೆ ಕೈಯೂರಿ ಎದ್ದರು.

“ಹೇಳಿದೆಲ್ಲ. ಸಾಕು.”

“ಚಾ ಕುಡದರ ಹೋಗ.”

“ಆತು.”

ಓಣಿಯ ತಿರುವಿನಲ್ಲಿ ಸಾಯಲಿ ಅಜ್ಜಿಯನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿದಳು. ಮಲಕಮ್ಮನವರು ಹೇಳಿದರು. “ಇಷ್ಟ ವರ್ಷ ಯಾಕ ಸುಮ್ಮನಿದ್ದಿ ಆಯಿ? ನಮ್ಮ ಮನ್ಯಾಗ ಈಗ ಭಂಡಾರ ಎಲ್ಲೈತಿ?” ಎಂದು ಹುಡುಗಿ ಅತ್ತುಬಿಟ್ಟಳು.

“ಮಾತು ನಂದಿತ್ತಲ್ಲ, ದೇವರದಿದ್ದಿಲ್ಲ. ಆಕಿ ಹೇಳೂತನಕ ಅಂದಿದ್ದೆ. ಇವತ್ತ ಹೇಳಿದಳು. ಸೊಸಿನೂ ಕೇಳ್ಯಾಳ.”

ಹಿಂತಿರುಗುವ ಬಸ್ಸಿನಲ್ಲಿ ಅವರ ಪಕ್ಕದ ಸೀಟಿನಲ್ಲಿ ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಬಂದು ಹೋಗುತ್ತಿದ್ದ ಲಾತೂರಿನ ಒಬ್ಬ ಎಳೆಯ ಹೆಂಗಸು ಕುಳಿತಿದ್ದಳು. ಮಲಕಮ್ಮನವರು ಆಕೆಗೆ ಮರಾಠಿಯಲ್ಲಿ, “ಕುಂದಲತಾ ಅವರ ಚಿತ್ರಗಳಲ್ಲಿ ಕುಣಿದ ಕಾಲು ನನ್ನವು” ಎಂದರು. ಹೊರಗಿನವರಲ್ಲಿ ಅವರು ಮೊದಲು ಹೇಳಿದ್ದು ಆಕೆಗೇ.

“ಕುಂದಲತಾ ಅಂದರೆ ಯಾರು ಆಜಿ?” ಎಂದಳು ಆಕೆ.

ಸಾಯಲಿ ಮೊಬೈಲಿನಲ್ಲಿ ಹಾಡು ಹುಡುಕಿ ತೋರಿಸಿದಳು. ಉಗುರಿನಷ್ಟು ಚಿಕ್ಕ ಪಾದಗಳು ಕಪ್ಪು-ಬಿಳುಪಿನಲ್ಲಿ ಹಲಗೆಯ ಮೇಲೆ ಕುಣಿದವು. ಆ ಹೆಂಗಸು ಪರದೆಯನ್ನು ನೋಡಿ, ಮಲಕಮ್ಮನವರ ಒಡೆದ ಹಿಮ್ಮಡಿಯನ್ನು ನೋಡಿ, “ಖರೇನಾ?” ಎಂದು ಮೆಲ್ಲಗೆ ಕೇಳಿದಳು. ತನ್ನ ಊರಿನವರೆಗೂ ಹೇಳುತ್ತ ಹೋಗುತ್ತೇನೆ ಎಂದು ನಗುತ್ತ ಸೊಲ್ಲಾಪುರದಲ್ಲಿ ಇಳಿದುಹೋದಳು. ಹೇಳಿದಳೋ ಇಲ್ಲವೋ ಯಾರಿಗೆ ಗೊತ್ತು.

ಮರುದಿನ ಮಲಕಮ್ಮನವರು ನಮ್ಮ ಪಡಸಾಲೆಯಲ್ಲಿ ಕುಳಿತು ಮೊದಲಿನಿಂದ ಕೊನೆಯವರೆಗೆ ಹೇಳಿದರು. “ಬರೀರಿ ಗುರುಗಳ. ನನ್ನ ಹೆಸರು ಹಾಕ್ರಿ, ನಮ್ಮಪ್ಪನ ಹೆಸರೂ ಹಾಕ್ರಿ” ಎಂದರು. ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ಒಂದು ಕಡೆ ಕೈಯೆತ್ತಿ ನನ್ನನ್ನು ತಡೆದರು. ಅಲ್ಲಿ ನಾನು, ಕುಂದಲತಾ ಅವರು ಗೆಳತಿಗೆ ಮಾಡಿದ ಆಣೆಯನ್ನು ಮುರಿದರು ಎಂದು ಬರೆದಿದ್ದೆ.

“ಅದನ್ನ ಹೊಡದ ಹಾಕ್ರಿ. ಆಕಿ ಆಣಿ ಮುರದಿಲ್ಲ. ಮಾಡೇ ಇದ್ದಿಲ್ಲ. ಮಾಡಿದಾಕಿ ನಾ ಒಬ್ಬಾಕಿ.”

ಆ ಸಾಲನ್ನು ಹೊಡೆದು ಹಾಕಿದ್ದೇನೆ.